ಕುಸುರೆಳ್ಳಿನ ಇಂಧನ

ಕಾಲುವೆ ಬಂದ ಮೇಲೆ ನಮ್ಮ ಕಡೆ ವಿಜ್ಞಾನ ಪ್ರದರ್ಶನವೆಂದರೆ ಎಲ್ಲರೂ ಕಾಲುವೆಯ ಮಾದರಿಯನ್ನೇ ತರುತ್ತಾರೆ. ಶಹಾಪುರದ ವಿಜ್ಞಾನ ಮಾಸ್ತರನಾದ ನನಗೆ ಅದು ಸಾಕಾಗಿತ್ತು. ಯಾದಗಿರಿಯ ಪ್ರದರ್ಶನಕ್ಕೆ ಲೇಸರ್ ಸಮ್ಮಿಳನ ಸ್ಥಾವರವನ್ನೇ ಒಯ್ಯಲು ತೀರ್ಮಾನಿಸಿದೆ!

ತತ್ವ ಸುಲಭ. ಇಂಧನದ ಪುಟ್ಟ ಗುಂಡನ್ನು ಮೇಲಿನಿಂದ ಬಿಡಬೇಕು. ಅದು ನಟ್ಟನಡುವೆ ಬಂದ ಕ್ಷಣಕ್ಕೆ ಲೇಸರ್ ಬಡಿಯಬೇಕು. ಸೂರ್ಯನೊಳಗೆ ಆಗುವುದೇ ಅಲ್ಲಿಯೂ ಆಗುತ್ತದೆ, ಆ ಶಾಖದಿಂದ ಕರೆಂಟ್. ಉಪ್ಪಿನಕಾಯಿಯ ಗಾಜಿನ ಭರಣಿ ಸ್ಥಾವರವಾಯಿತು. ಬಡಿಯಲು ಶಾಲೆಯ ಪುಟ್ಟ ಲೇಸರ್ ಟಾರ್ಚು. ಗುಂಡು ಬಿಡಲು ಬಿತ್ತುವ ಕೂರಿಗೆಯ ಕೊಳವೆ. ಗುಂಡು? ಹೆಂಡತಿ ಸಂಕ್ರಾಂತಿಗೆ ಮಾಡಿದ ಕುಸುರೆಳ್ಳು! ಒಳಗೆ ಎಳ್ಳು, ಮೇಲೆ ಪದರ ಪದರ ಸಕ್ಕರೆ.

"ಡಬ್ಬಿ ಮುಟ್ಟಬ್ಯಾಡ್ರಿ! ಮಗಳ ಮದುವಿ ಆದಮ್ಯಾಲ ಮೊದಲನೇ ಸಂಕ್ರಾಂತಿ. ಸಂಜಿಗೆ ಬೀಗರು ಬರ್ತಾರ. ಬೆರಳು ಸುಟ್ಕೊಂಡು ಮಾಡೀನಿ."

"ಬೆಳಕು ಬಡಿದ್ರ ಸಕ್ಕರಿ ಕರಗತೈತೇನ? ಒಂದೂ ಕಮ್ಮಿ ಆಗದಂಗ ತರ್ತೀನಿ," ಎಂದೆ.

ಪ್ರದರ್ಶನದಲ್ಲಿ ಮುಖ್ಯ ಅತಿಥಿ ಸಾಹೇಬರು ಬಂದರು. ಅಂಗೈಯಲ್ಲಿ ಒಂದು ಗುಂಡು ಇಟ್ಟು ಅವರ ಮುಂದೆ ಹಿಡಿದೆ.

"ಸಾಹೇಬ್ರ, ಇದು ಇಂಧನ ರಿ."

ಹಬ್ಬದ ಮರುದಿನ ಕುಸುರೆಳ್ಳು ಹಿಡಿದ ಕೈ ಮುಂದೆ ಬಂದರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಸಾಹೇಬರೂ ಅದನ್ನೇ ಮಾಡಿದರು. ಬಾಯಿಗೆ ಹಾಕಿಕೊಂಡರು!

"ಭಾಳ ಛಲೋ ಆಗ್ಯಾವ. ತಗೋರಿ, ನೀವೂ ತಗೋರಿ," ಎಂದು ನನ್ನ ಡಬ್ಬಿಯಿಂದ ನನಗೇ ಕೊಟ್ಟರು. ಕೊಟ್ಟ ಎಳ್ಳನ್ನು ಬೇಡ ಎನ್ನಲಾದೀತೇ? ನಾನೂ ಇಂಧನ ತಿಂದೆ. ಅಷ್ಟರಲ್ಲಿ ಸಾಲು ನಿಂತಿತು. ಸಾಹೇಬರು ಸ್ವಹಸ್ತದಿಂದ ಹಂಚಿದರು. ತಡೆಯಲು ನನಗೆ ಧೈರ್ಯವಾಗಲಿಲ್ಲ.

ಡಬ್ಬಿಯ ತಳದಲ್ಲಿ ಉಳಿದ ಒಂದೇ ಗುಂಡನ್ನು ಕೊಳವೆಗೆ ಬಿಟ್ಟು ಲೇಸರ್ ಹಚ್ಚಿ ಕಾದೆ. ಗುಂಡು ಬರಲೇ ಇಲ್ಲ. ಕುಸುರೆಳ್ಳಿಗೆ ಮೈತುಂಬ ಮುಳ್ಳು, ನಡುವೆಯೇ ಸಿಕ್ಕಿಬಿದ್ದಿತ್ತು! ಬಹುಮಾನ ಪಕ್ಕದ ಕಾಲುವೆಗೆ ಹೋಯಿತು.

ಮನೆಗೆ ಬಂದಾಗ ಬೀಗರು ಆಗಲೇ ಕುಳಿತಿದ್ದರು. ಹೆಂಡತಿ ಖಾಲಿ ಡಬ್ಬಿ ನೋಡಿದಳು. ತಟ್ಟೆಯಲ್ಲಿ ಬರೀ ಸಕ್ಕರೆ ತಂದಿಟ್ಟಳು.

"ಎಳ್ಳು ಇಲ್ರಿ," ಎಂದಳು ಶಾಂತವಾಗಿ. "ಇವರು ಯಾದಗಿರಿಗೆ ಒಯ್ದು ಸೂರ್ಯನ್ನ ಮಾಡ್ಯಾರ."

"ಹೌದ್ರಿ? ಕರೆಂಟ್ ಎಷ್ಟು ಬಂತ್ರಿ?" ಬೀಗರು ಕೇಳಿದರು.

ಕೈಯಲ್ಲಿದ್ದ ಕೂರಿಗೆಯ ಕೊಳವೆಯನ್ನು ತಟ್ಟೆಯ ಮೇಲೆ ಕೊಡವಿದೆ. ಸಿಕ್ಕಿಬಿದ್ದಿದ್ದ ಗುಂಡು ಟಣ್ಣೆಂದು ತಟ್ಟೆಗೆ ಬಿತ್ತು! ಭಕ್ತಿಯಿಂದ ಬೀಗರ ಮುಂದೆ ಹಿಡಿದೆ.

"ಇರೂದು ಒಂದ. ನೀವ ತಿನ್ರಿ," ಎಂದು ನಕ್ಕರು.

ಸೋತವನೆಂದು ತೋರಿಸಿಕೊಳ್ಳಬಾರದಲ್ಲ! ಠೀವಿಯಿಂದ ಅದನ್ನು ಮೇಲಕ್ಕೆ ಹಾರಿಸಿ ಬಾಯಿ ತೆರೆದೆ. ಗುಂಡು ಮೂಗಿಗೆ ಬಡಿದು ಮಂಚದ ಕೆಳಗೆ ಹೋಯಿತು.

ತೆರೆದ ಬಾಯಿಗೇ ಒಂದು ಕಾಳು ಮುಟ್ಟಿಸಲಾಗದವನು ಲೋಕಕ್ಕೆಲ್ಲ ಕರೆಂಟ್ ಕೊಡಲು ಹೊರಟಿದ್ದೆ.