ಬೀಳ್ಕೊಟ್ಟರೂ ಹೋಗದ ಕಂಪೌಂಡರ್

ಭಾಷಣ ಮಾಡುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ನಾನು ಹುಟ್ಟಿದಾಗಿನಿಂದ ಮಾಡಿದ್ದು ಒಂದೇ ಭಾಷಣ. ತಯಾರಿ ಇಲ್ಲ, ಚೀಟಿ ಇಲ್ಲ, ಗಂಟಲನ್ನು ಕೂಡ ಸರಿಮಾಡಿಕೊಳ್ಳಲಿಲ್ಲ. ಎದ್ದೆ, ನಾಲ್ಕು ಮಾತು ಹೇಳಿದೆ, ಕೂತೆ. ಅಷ್ಟರಲ್ಲಿ ಎರಡು ಮನೆಗಳ ಲೆಕ್ಕಾಚಾರ ತಲೆಕೆಳಗಾಗಿತ್ತು!

ಎಂಬತ್ತರ ದಶಕದ ಮಾತು. ಮಿಶ್ರಿಕೋಟಿಯ ಡಾಕ್ಟರ ಸಾಹೇಬರಲ್ಲಿ ನಾನು ಕಂಪೌಂಡರ್ ಆಗಿದ್ದೆ. ಅವರು ಒಳಗೆ ನಾಡಿ ಹಿಡಿಯುವರು, ನಾನು ಹೊರಗೆ ಔಷಧ ಕಲೆಸಿ ಬಾಟ್ಲಿ ತುಂಬುವೆ. ಕೆಮ್ಮಿಗೆ ಕೆಂಪು, ಹೊಟ್ಟೆಗೆ ಬಿಳಿ, ಉಳಿದ ರೋಗಗಳಿಗೆಲ್ಲ ಎರಡನ್ನೂ ಸೇರಿಸಿದ್ದು ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ಎಷ್ಟು ಕುಡಿಯಬೇಕೆಂದು ತಿಳಿಯಲು ಬಾಟ್ಲಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವಾಗ ನನ್ನ ಮುಖದ ಮೇಲೆ ಬರುತ್ತಿದ್ದ ಗಾಂಭೀರ್ಯವನ್ನು ನಾನು ತಾಳಿ ಕಟ್ಟುವ ವರನಲ್ಲಿಯೂ ಕಂಡಿಲ್ಲ. ಸಂತೆಗೆ ಹೋದರೆ ಯಾರೋ ದೂರದಿಂದಲೇ "ಕೂಸು ಇವತ್ತ ಉಂಡೈತ್ರಿ" ಎಂದು ಕೂಗಿ ಹೇಳುವರು. ಬದನೆಕಾಯಿ ಮಾರುವಾಕೆ ತೂಕದ ಮೇಲೆ ಎರಡು ಹೆಚ್ಚಿಗೆ ಹಾಕುವಳು. ಪಗಾರ ಸಣ್ಣದಿತ್ತು. ಆದರೆ ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವಾಗ ನನ್ನಷ್ಟು ಸುಖಿ ಕಲಘಟಗಿ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಸಾಹೇಬರ ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು ಸುಮಾ, ಅವಳನ್ನು ಮಿರಜಿಗೆ ಕೊಟ್ಟಿದ್ದರು. ಬಂದಾಗಲೆಲ್ಲ ಅವಳದು ಒಂದೇ ಮಾತು: "ಅಪ್ಪಾ, ಸಾಕು ಮಾಡ್ರಿ, ನಮ್ಮ ಕಡೆ ಬಂದು ಇರ್ರಿ." ಯಾಕೆಂದರೆ ಸಾಹೇಬರ ಕಣ್ಣು ಮಂದವಾಗುತ್ತಿತ್ತು. ಥರ್ಮಾಮೀಟರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ಕೊನೆಗೆ ನನ್ನ ಕೈಗೆ ಕೊಟ್ಟು "ಚನ್ನಪ್ಪ, ಎಷ್ಟೈತಿ ಓದು" ಎನ್ನುವರು. ನಾನು ನಾಲ್ಕು ಮನೆಗೆ ಕೇಳುವಂತೆ ಓದುವೆ. ಸಾಹೇಬರ ಕಣ್ಣು ಹೋಗುತ್ತಿದೆ ಎನ್ನುವುದಕ್ಕಿಂತ ನನ್ನ ಬೆಲೆ ಏರುತ್ತಿದೆ ಎನ್ನುವುದೇ ನನ್ನ ತಲೆಯಲ್ಲಿ ಹೆಚ್ಚು ಕೂತಿತ್ತು.

ಅಂಥದರಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು. ಸಾಹೇಬರ ಗೆಳೆಯರೊಬ್ಬರ ಹೊಸ ದವಾಖಾನೆ, ಮಹಡಿಯ ಮೇಲೆ ಮಹಡಿ. ಪಗಾರ ಇಲ್ಲಿಯದರ ಎರಡರಷ್ಟು, ಇರಲು ನಳ ಇರುವ ಮನೆ. ನನ್ನ ಕೀರ್ತಿ ಹುಬ್ಬಳ್ಳಿಯವರೆಗೆ ಹೇಗೆ ಮುಟ್ಟಿತು ಎಂದು ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಕೀರ್ತಿ ಎಂದ ಮೇಲೆ ಹಬ್ಬುವುದೇ ಅದರ ಕೆಲಸ! ಆದರೆ ಹೋಗಲು ಮನಸ್ಸಿರಲಿಲ್ಲ. ಮನಸ್ಸಿದ್ದುದು ನನ್ನ ಹೆಂಡತಿ ನೀಲವ್ವನಿಗೆ. ನಳದ ಸುದ್ದಿ ಕೇಳಿದಾಗಿನಿಂದ ಅವಳು ಬಾವಿಯ ಹಗ್ಗವನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಸಾಹೇಬರೂ ಬಿಡಲಿಲ್ಲ.

"ಹೋಗೋ ತಮ್ಮಾ. ಇಂಥಾದ್ದು ಮತ್ತ ಸಿಗೂದಿಲ್ಲ."

"ನಿಮ್ಮನ್ನ ಯಾರು ನೋಡ್ಕೋತಾರ್ರಿ?"

"ನಂದು ನಾ ನೋಡ್ಕೋತೀನಿ. ನೀ ಮೊದ್ಲ ಹೋಗು."

ಈ 'ಮೊದ್ಲ' ಎಂಬುದನ್ನು ಬುದ್ಧಿ ಇದ್ದವನಾದರೆ ಸ್ವಲ್ಪ ವಿಚಾರ ಮಾಡುತ್ತಿದ್ದ. ನಾನು ತಲೆಯಾಡಿಸಿ ಒಪ್ಪಿಕೊಂಡೆ. ನೀಲವ್ವ ಟ್ರಂಕು ತುಂಬಿದಳು. ಊರವರು ಶಾಲೆಯ ಅಂಗಳದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು.

ನಮ್ಮ ಕಡೆ ಮನುಷ್ಯನನ್ನು ಬಾಯಿತುಂಬ ಹೊಗಳುವುದು ಎರಡೇ ಸಂದರ್ಭಗಳಲ್ಲಿ: ಸತ್ತಾಗ ಮತ್ತು ಊರು ಬಿಟ್ಟು ಹೋಗುವಾಗ. ಮೊದಲನೆಯದನ್ನು ಕೇಳಲು ನಾವಿರುವುದಿಲ್ಲ. ಎರಡನೆಯದನ್ನು ಕೇಳಬೇಕು, ನಂಬಬಾರದು. ಈ ನಿಯಮವನ್ನು ನನಗೆ ಯಾರೂ ಹೇಳಿರಲಿಲ್ಲ.

ಪಂಚಾಯಿತಿ ಚೇರ್ಮನ್ನರು ಎದ್ದು, "ಚನ್ನಪ್ಪ ಅಂದ್ರ ನಮ್ಮೂರ ಧನ್ವಂತರಿ" ಎಂದರು. ಹಿಂದಿನ ವಾರವಷ್ಟೇ ಇದೇ ಪುಣ್ಯಾತ್ಮರು, ನಾನು ಸೂಜಿ ಚುಚ್ಚುವುದು ಎತ್ತಿಗೆ ಮೂಗುದಾರ ಹಾಕಿದಂತಿರುತ್ತದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಾರಿದ್ದರು. ಹೆಡ್‌ಮಾಸ್ತರರು ಎದ್ದು, ನಾನು ಬಾಟ್ಲಿಗಳಲ್ಲಿ ತುಂಬಿದ್ದು ಔಷಧವಲ್ಲ, ಅಂತಃಕರಣ ಎಂದರು. ಹೆಂಗಸರ ಕಡೆಯಿಂದ ಮುದುಕಿ ಸಂಗವ್ವ ಯಾರೂ ಕರೆಯದೆ ತಾನೇ ಎದ್ದು, "ನನ್ನ ಮಣ್ಣು ಮಾಡಿಯಾದ್ರೂ ಹೋಗಬೇಕಾಗಿತ್ತು ನೀನು" ಎಂದು ಅತ್ತೇಬಿಟ್ಟಳು. ಕೊನೆಗೆ ಸಾಹೇಬರು. "ಇಂವ ನನ್ನ ಕೈ ಆಗಿದ್ದ. ಈಗೀಗ ಕಣ್ಣೂ ಆಗಿದ್ದ" ಎಂದರು, ಕೂತು ಮೂಗಿನ ಮೇಲಿನ ಚಾಳೀಸು ತೆಗೆದು ಒರೆಸತೊಡಗಿದರು.

ನನ್ನ ಎದೆಯೊಳಗೆ ಏನೋ ಉಕ್ಕಿಬಂತು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಎದ್ದು ನಿಂತೆ.

"ನಾ ಹೋಗೂದಿಲ್ಲ. ಎರಡು ಪಗಾರ ಕೊಡ್ಲಿ, ಹತ್ತು ಪಗಾರ ಕೊಡ್ಲಿ. ಸಾಹೇಬ್ರು ಇರೂತನಕ ನಾ ಅವರ ದವಾಖಾನಿ ಬಾಗ್ಲಾ ಬಿಟ್ಟು ಎಲ್ಲೂ ಹೋಗೂದಿಲ್ಲ."

ಕೂತೆ. ಚಪ್ಪಾಳೆಗಾಗಿ ಕಾದೆ. ಉಪ್ಪಿಟ್ಟು ಹಂಚುತ್ತಿದ್ದವನು ಸೌಟು ಹಿಡಿದು ಹಾಗೆಯೇ ನಿಂತಿದ್ದ. ಹೋಗದವನ ಬೀಳ್ಕೊಡುಗೆಯಲ್ಲಿ ಉಪ್ಪಿಟ್ಟು ಹಂಚಬೇಕೋ ಬಾರದೋ ಎಂಬುದು ಅವನ ಚಿಂತೆ. ಚೇರ್ಮನ್ನರು ನನ್ನ ಕಿವಿಯ ಹತ್ತಿರ ಬಾಗಿದರು.

"ಶಾಲು ಹೊದಸೇವಲ್ಲಪಾ."

"ವಾಪಸ್ ಕೊಡ್ಲೇನ್ರಿ?"

"ಇರ್ಲಿ, ಇಟ್ಕೋ. ಆದ್ರ ಮುಂದ ಖರೇನ ಹೋಗುವಾಗ ಮತ್ತೊಂದು ಹೊದಸೂದಿಲ್ಲ ನೋಡು."

ನಾನು ಸಾಹೇಬರ ಕಡೆ ನೋಡಿದೆ. ಅವರು ನಾನು ಕೂತಲ್ಲಿಂದ ಸ್ವಲ್ಪ ಆಚೆ ನೋಡುತ್ತ, "ಹಿಂಗ ಮಾಡಿದೇನು" ಎಂದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮನೆಯಲ್ಲಿ ನೀಲವ್ವ ಟ್ರಂಕು ಬಿಚ್ಚಿ ಒಂದೊಂದೇ ಪಾತ್ರೆ ತೆಗೆದು ಗೂಡಿನಲ್ಲಿ ಇಡುತ್ತಿದ್ದಳು.

"ಹೇಳೂಕಿಂತ ಮೊದ್ಲ ನನ್ನ ಕಡೆ ಒಂದ್ಸಲ ನೋಡಬಾರದಾಗಿತ್ತೇನ್ರಿ?"

"ನೋಡಿದ್ನೆಲ್ಲ."

"ನೋಡಿದ್ರ ಬಾಯಿ ಮುಚಗೊಂಡು ಕೂಡ್ತಿದ್ರಿ."

ಆ ವಾರದ ಕೊನೆಗೆ ಸುಮಾ ಬಾಡಿಗೆ ಕಾರಿನಲ್ಲಿ ಬಂದಳು. ತುಂಬು ಬಸುರಿ. ದವಾಖಾನೆ ತೆರೆದಿದ್ದನ್ನೂ, ಪಡಸಾಲೆಯ ತುಂಬ ಜನ ಕೂತಿದ್ದನ್ನೂ ನೋಡಿ ಬಾಗಿಲಲ್ಲೇ ನಿಂತಳು. ಒಳಗೆ ತಂದೆ ಮಗಳು ಬಹಳ ಹೊತ್ತು ಮಾತಾಡಿದರು. ಆಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಕಾಕಾ, ಅಪ್ಪಾ ನನ್ನ ಜೋಡಿ ಬರೂದಿಲ್ಲ ಅಂತಾರ."

"ಬ್ಯಾಡ ಬಿಡವಾ. ನಾ ಅದೀನೆಲ್ಲ ಇಲ್ಲೆ" ಎಂದೆ, ಎದೆ ಮುಂದೆ ಮಾಡಿ.

"ನೀವು ಅದೀರಿ ಅಂತನ ಬರೂದಿಲ್ಲ."

ನನಗೆ ತಿಳಿಯಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತು, ಸಿಟ್ಟಿಲ್ಲದೆ ಹೇಳಿದಳು.

"ಅಪ್ಪಾಗ ಕಾಚಬಿಂದು ಆಗೇತ್ರಿ, ಕಣ್ಣಾಗ ಒತ್ತಡ ಏರಿ ನೋವು ಬರತೈತಿ. ಲಗೂ ಆಪರೇಷನ್ ಆಗಬೇಕು. ತಡಾ ಮಾಡಿದಷ್ಟೂ ನೋಟ ಹೋಗತೈತಿ, ಹೋದದ್ದು ತಿರುಗಿ ಬರೂದಿಲ್ಲ. ದವಾಖಾನಿ ಬಂದ್ ಮಾಡಿ ಮಿರಜಿಗೆ ಬರೂದಂತ ಎಲ್ಲಾ ಠರಾವ ಆಗಿತ್ತು. ಚನ್ನಪ್ಪಗ ಒಂದು ದಾರಿ ಆಗದ ಹೊರತು ಬರೂದಿಲ್ಲ ಅಂತ ಹಟಾ ಹಿಡದ್ರು. ತಾವs ಹುಬ್ಬಳ್ಳಿಗೆ ಹೋಗಿ, ಗೆಳೆಯಾರ ಕೈ ಹಿಡದು ಕೇಳಿ ನಿಮಗ ಆ ನೌಕರಿ ಮಾಡ್ಸಿದ್ರು. ನಿಮಗ ಹೇಳಿದ್ರ ನೀವು ಹೋಗೂದಿಲ್ಲಂತ ಹೇಳಿರಲಿಲ್ಲ."

ನನ್ನ ಕೀರ್ತಿ ಹುಬ್ಬಳ್ಳಿ ಮುಟ್ಟಿದ್ದು ಹೀಗೆ. ಕಣ್ಣು ಕಾಣದ ಮುದುಕರೊಬ್ಬರು ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿದ್ದರು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಸುಮಾಳನ್ನು ಒಂದು ದಿನ ಇರಲು ಬೇಡಿಕೊಂಡೆ. ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ.

ಹುಬ್ಬಳ್ಳಿಯ ಡಾಕ್ಟರು ನನ್ನ ಹೆಸರು ಕೇಳಿದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ನೀವs ಏನ್ರಿ ಚನ್ನಪ್ಪ! ನಿಮ್ಮ ಸುದ್ದಿ ನಮ್ಮ ಮಂದಿಗೆಲ್ಲಾ ಹೇಳೇನಿ. ಇಂಥಾ ನಿಷ್ಠಾ ಈಗ ಎಲ್ಲಿ ಅದರಿ?"

"ಸಾಹೇಬ್ರ, ನನಗ ಆ ನೌಕರಿ ಬೇಕ್ರಿ."

ಅವರು ಗಟ್ಟಿಯಾಗಿ ನಕ್ಕರು. "ನನ್ನ ಪರೀಕ್ಷಾ ಮಾಡ್ಲಿಕ್ಕೆ ಬಂದೀರೇನು? ಅವರs ಬಂದು ಕೇಳಿದ್ರೂ, ನಿಮ್ಮನ್ನ ಅವರಿಂದ ಕಸಗೊಂಡ್ರ ನನಗ ಪಾಪ ಹತ್ತತದ. ಅದೂ ಅಲ್ಲದ ನಿನ್ನೆ ಬ್ಯಾರೆಯವರನ್ನ ತಗೊಂಡ್ವಿ." ನಾನು ಕಾಚಬಿಂದು ಎಂದೆ, ಮಿರಜಿ ಎಂದೆ, ಅಳುವುದೊಂದು ಬಾಕಿ. ನಾನು ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚುತ್ತ ಹೋಯಿತು! "ಹೊಸಬರು ಬಿಟ್ಟುಹೋದ್ರ ಮೊದ್ಲ ನಿಮಗs ತಿಳಸ್ತೀನಿ" ಎಂದು ಚಹಾ ಕುಡಿಸಿ, ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಮನೆಗೆ ಬಂದು ನೀಲವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಲ್ಲಿಂದ ದವಾಖಾನೆಗೆ ಹೋಗುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು.

"ಸಾಹೇಬ್ರ, ನೌಕರಿ ತಿರುಗಿ ಸಿಕ್ತ್ರಿ. ನಾಳೆ ಹಾಜರಾಗಬೇಕು. ನೀವು ಇನ್ನ ಹೊಂಡ್ರಿ."

"ಖರೇ?"

"ಖರೇನ್ರಿ."

ಅವರ ಮುಖ ಅರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಸುಮಾ ಲಗುಬಗೆಯಿಂದ ಬಟ್ಟೆ ತುಂಬಿದಳು. ಚೀಲ ಕಾರಿನೊಳಗೆ ಹೋಯಿತು. ಸಾಹೇಬರು ಒಂದು ಕಾಲು ಕೂಡ ಒಳಗಿಟ್ಟರು. ಆಗ ಬಂದಳು ನೀಲವ್ವ, ದಾರಿಯ ಬುತ್ತಿಗೆಂದು ರೊಟ್ಟಿಯ ಗಂಟು ಹಿಡಿದುಕೊಂಡು.

"ನೀವು ಆರಾಮ ಹೋಗಿ ಬರ್ರಿ ಸಾಹೇಬ್ರ. ನೌಕರಿ ಇಲ್ಲಂದ್ರ ಏನಾತು, ನಾವು ಹೆಂಗರ ಮಾಡಿ ಉಣ್ತೀವಿ."

ಸುಳ್ಳು ಹೇಳುವವನು ಮೊದಲು ಹೆಂಡತಿಗೆ ಹೇಳಿರಬೇಕು. ಸಾಹೇಬರು ಒಳಗಿಟ್ಟ ಕಾಲನ್ನು ಹೊರಗೆ ತೆಗೆದರು. ನಾನು ಅವರ ಕಾಲು ಹಿಡಿದೆ, ಕೂಲಿ ಮಾಡಿ ಬದುಕುತ್ತೇನೆ ಹೋಗಿರಿ ಎಂದೆ. "ಬಾಟ್ಲಿ ಹಿಡದ ಕೈ ಗುದ್ದಲಿ ಹಿಡಿಯೂದಿಲ್ಲೋ. ಈ ಮಳಿಗಾಲದ ಜ್ವರ ಒಂದು ಮುಗೀಲಿ, ನೋಡೂಣು" ಎಂದು ಒಳಗೆ ಹೋದರು. ಸುಮಾ ಒಬ್ಬಳೇ ಹೋದಳು. ರೊಟ್ಟಿಯ ಗಂಟನ್ನು ಮಾತ್ರ ಬೇಡವೆನ್ನದೆ ತೊಡೆಯ ಮೇಲಿಟ್ಟುಕೊಂಡಳು.

ಮಳೆಗಾಲದ ಜ್ವರ ಮುಗಿಯಿತು, ಸುಗ್ಗಿಯ ಕೆಮ್ಮು ಬಂತು. ಮಿರಜಿಯಲ್ಲಿ ಮೊಮ್ಮಗ ಹುಟ್ಟಿದ. "ಈ ಕೆಮ್ಮು ಒಂದು ಮುಗೀಲಿ, ಹೋಗಿ ನೋಡ್ತೀನಿ" ಎಂದರು ಸಾಹೇಬರು. ನಾನು ಜಗಳ ಮಾಡಿದೆ, ಎರಡು ದಿನ ಕೆಲಸಕ್ಕೆ ಹೋಗದೆ ಮುನಿಸಿಕೊಂಡೆ. ಅವರು ಗೋಡೆ ಹಿಡಿದುಕೊಂಡು ನನ್ನನ್ನು ಕರೆಯಲು ಮನೆಗೇ ಬಂದರು. ಇಂಥವರ ಹತ್ತಿರ ಏನು ಮಾಡಬೇಕು?

ಜನ ಮಾತ್ರ ಮೊದಲಿನಂತೆಯೇ ಬರುತ್ತಿದ್ದರು. ಅದೇ ನನಗೊಂದು ಸಮಾಧಾನವಾಗಿತ್ತು. ಒಂದು ದಿನ ನಮ್ಮ ಬಾಟ್ಲಿ ಹಿಡಿದುಕೊಂಡೇ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದ ಸಂಗವ್ವನನ್ನು ಕಂಡು ಎಲ್ಲಿಗೆ ಎಂದು ಕೇಳಿದೆ.

"ಸಾಹೇಬ್ರ ಮನಸಿಗೆ ನಿಮ್ಮ ಬಾಟ್ಲಿ. ನನ್ನ ರೋಗಕ್ಕ ಹುಬ್ಬಳ್ಳಿ ಗುಳಗಿ. ಎಲ್ಲಾರೂ ಹಿಂಗs ಮಾಡ್ತಾರಪಾ, ನಿನಗೊಬ್ಬವಗ ಗೊತ್ತಿಲ್ಲ."

ಊರಿಗೆ ಊರೇ ಸಾಹೇಬರಿಗೆ ನಿಷ್ಠೆಯಿಂದಿತ್ತು. ಆದರೆ ಊರಿಗೆ ನನಗಿಂತ ಬುದ್ಧಿ ಇತ್ತು.

ಹುಬ್ಬಳ್ಳಿಯ ಹೊಸಬ ಬಿಟ್ಟುಹೋಗುವ ಹೊತ್ತಿಗೆ ವರ್ಷ ಕಳೆದಿತ್ತು. ಡಾಕ್ಟರು ಮಾತಿಗೆ ತಪ್ಪದೆ ಹೇಳಿಕಳಿಸಿದರು. ಅದೇ ನೌಕರಿ, ಅದೇ ಎರಡರಷ್ಟು ಪಗಾರ, ಅದೇ ನಳದ ಮನೆ. ಸಾಹೇಬರು ನನ್ನನ್ನು ಬಸ್ಸು ಹತ್ತಿಸಿದ ಮೇಲೆಯೇ ದವಾಖಾನೆಗೆ ಕೀಲಿ ಹಾಕಿ ಮಿರಜಿಗೆ ಹೋದರು. ಅಲ್ಲಿ ಆಪರೇಷನ್ ಆಯಿತು. ಕಣ್ಣಿನ ನೋವು ನಿಂತಿತು. ನೋಟ ಬರಲಿಲ್ಲ.

ರಜೆ ಸಿಕ್ಕಾಗ ಮಿರಜಿಗೆ ಹೋದೆ. ಸಾಹೇಬರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಮುಖದ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದರು. ನನ್ನ ಧ್ವನಿ ಕೇಳಿ ಖುಷಿಯಾದರು. ಪಗಾರ ಸರಿಯಾಗಿ ಕೊಡುತ್ತಾರೆಯೇ ಎಂದು ಕೇಳಿದರು, ನೀಲವ್ವನನ್ನು ಕೇಳಿದರು. ಸುಮಾ ಚಹಾ ಮಾಡಲು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಮನ್ಯಾಗ ಎಲ್ಲಾರೂ ಇಂವ ನನ್ನಂಗ ಅದಾನ ಅಂತಾರ. ನನ್ನ ಸಮಾಧಾನಕ್ಕ ಅಂತಾರ. ನೀ ಹೇಳು ಚನ್ನಪ್ಪ, ಹೆಂಗದಾನ?"

ವರ್ಣನೆ ಮಾಡುವುದು ನನಗೆ ಬರುವುದಿಲ್ಲ. ನಾನು ಬದುಕಿನಲ್ಲಿ ಬರೆದದ್ದೆಂದರೆ 'ದಿನಕ್ಕೆ ಮೂರು ಸಲ, ಊಟದ ನಂತರ' ಅಷ್ಟೇ. ಆದರೂ ಹೇಳಿದೆ. ಮೂಗು ಸ್ವಲ್ಪ ಮೊಂಡು ಎಂದೆ. ಕಿವಿ ದೊಡ್ಡವು, ಗದ್ದದ ಮೇಲೆ ಒಂದು ಮಚ್ಚೆ, ಹುಬ್ಬು ಸುಮಾಳವೇ, ಬಣ್ಣ ಗೋದಿ. ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆ ಎಂದೆ. ನಡುವೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಅವರು ತಲೆ ಬಾಗಿಸಿ ಕೇಳುತ್ತಿದ್ದರು.

"ಮತ್ತ?" ಎಂದರು.

ನನಗೆ ಗೊತ್ತಿದ್ದುದೆಲ್ಲ ಮುಗಿದಿತ್ತು. ಮತ್ತೆ ಮೂಗಿನಿಂದ ಶುರು ಮಾಡಿದೆ.