ಸಾಹೇಬರ ದೆವ್ವಕ್ಕ ಯಾರೂ ಅಂಜವಲ್ರು

ಇಲ್ರೀ, ನಾ ಅಂಜಿಕೊಂಡು ಲೈಟ್ ಹಚ್ಚಿ ಮಲಗೂದಲ್ಲ. ಸೊಳ್ಳಿ ಕಾಣಲಿ ಅಂತ ಹಚ್ಚತೀನಿ.

ಕಾಲೇಜ್ ಬಿಟ್ಟ ಮ್ಯಾಲೆ ನಾ ಓದಿದ್ದು ಒಂದ ಪುಸ್ತಕ, ಅದೂ ವಿಕ್ಟೋರಿಯನ್ ಕಾಲದ ಇಂಗ್ಲಿಷ್ ದೆವ್ವದ ಕತಿ. ಸಾಹೇಬನ ಹೆಂಡತಿ ಸಾಯ್ತಾಳ. ಆಮ್ಯಾಲೆ ದಿನಾ ಚಹಾದ ಹೊತ್ತಿಗೆ ಬಾಗಲಾ ತಾನ ತೆರೀತದ. ತಣ್ಣನ ಗಾಳಿ, ರೇಶ್ಮಿ ಲಂಗದ ಸರಸರ, 'ನಾ ಬಂದೀನಿ' ಅನ್ನೂ ಪಿಸುಮಾತು. ಅಷ್ಟ. ದೆವ್ವ ಒಮ್ಮೆನೂ ಕಾಣೂದಿಲ್ಲ! ಕಾಣಲಾರದ್ದಕ್ಕ ನನ್ನ ಮೈ ಯಾಕ ಝುಂ ಅಂತು?

ಮಾಮಾ ನನಗ 'ಅಂಜುಬುರಕ' ಅಂತ ಹೆಸರಿಟ್ಟ. "ಈ ಕತಿಗೆ ಇನ್ನೊಬ್ಬರನ್ನ ಅಂಜಿಸಿ ತೋರ್ಸು, ಹೆಸರು ವಾಪಸ್ ತಗೋತೀನಿ" ಅಂದ. ಅಂದಿನಿಂದ ಇಂಥಾವ ನಡ್ಯಾಕತ್ತಾವ.

ಆಟೋ ನಗರ

ಮಾಮಾನ ಗ್ಯಾರೇಜಿನ ಮೇಸ್ತ್ರಿಗೆ ಹೇಳಿದೆ. "ಬಾಗಲಾ ತಾನ ತೆರೀತು..." ಅಂದು ತಡದೆ.

ಮೇಸ್ತ್ರಿ ಗಾಡಿ ಕೆಳಗಿಂದ ಬರೇ ತಲಿ ಹೊರಗ ಹಾಕಿದ. "ಯಾರೂ ದೂಡಲಾರದ?"

"ಯಾರೂ ದೂಡಲಾರದ!"

"ಅದರ ಅಡ್ರೆಸ್ ಕೊಡೋ ತಮ್ಮಾ. ನಮ್ಮ ಶಟರ್ ಮೂರು ಮಂದಿ ಜಗ್ಗಿದ್ರೂ ಏಳವಲ್ದು."

ವಡಗಾವಿ

ನಮ್ಮತ್ತಿ ಮನ್ಯಾಗ ಪವರ್‌ಲೂಮ್ ಅದಾವ. ಖಡಾಖಡಾ ಸಪ್ಪಳದಾಗ ಹೆಂಗರೆ ಕತಿ ಹೇಳೂದು? ದೆವ್ವ ಪಿಸುಗುಟ್ಟೂ ಮಾತನ್ನೂ ಒದರಬೇಕು. ನಾ ಗಂಟಲ ಹರಕೊಂಡು "ನಾ ಬಂದೀನಿ!" ಅನ್ನೂದಕ್ಕೂ ಕರೆಂಟ್ ಹೋಗೂದಕ್ಕೂ ಸರಿಹೋತು. ಮಗ್ಗ ಗಪ್. ನನ್ನ ದನಿ ಓಣಿ ತುಂಬ.

ಎದುರು ಮನಿಯಿಂದ ಯಾರೋ, "ಬಂದ್ರ ಒಳಗ ಬಾರಪಾ, ಒದರ್ತಿ ಯಾಕ?"

ಖಾನಾಪುರ

ಅವ್ವನ ತವರಮನಿ ಇಲ್ಲೇ. ಬಾಜು ಮನಿ ಕಾಕೂ ದಿನಾ ಸಂಜಿಕಿ ನಮ್ಮ ಆಯಿ, ಅವ್ವನ ಅವ್ವ, ಆಕಿ ಕೂಡ ಚಹಾ ಕುಡ್ಯಾಕ ಬರ್ತಾರ. ಹೊಂಟಾಗ ಕನ್ನಡದಾಗ "ಬರ್ತೀನ್ರಿ", ಮರಾಠ್ಯಾಗ "ಯೇತೆ", ಎರಡೂ ಅಂದ ಹೋಗೂದು. ಚಪ್ಪಲ್ ಮರೀತಾರ, ಅದನ್ನ ಮರಿಯೂದಿಲ್ಲ.

ಕಾಕೂ ಕತಿ ಪೂರ್ತಿ ಕೇಳಿದ್ರು. ಅಂಜಲಿಲ್ಲ, ಪೊಲೀಸರಂಗ ಕೇಳಾಕ ಹತ್ತಿದ್ರು.

"ಹೆಂಡತಿ ಸತ್ತ ದಿನ ಗಂಡ ಏನಂದ?"

"ಹೆಣದ ಬಾಜು ನಿಂತು 'ಬರ್ತೀನಿ' ಅಂದು ಹೊರಗ ಹ್ವಾದ."

ಕಾಕೂ ಹಣಿ ಹಣಿ ಬಡಕೊಂಡ್ರು. "ಅಲ್ಲೇ ಕೆಡಿಸಿದ ನೋಡು! ಸಾವಿನ ಮನಿಯಿಂದ ಹೊಂಡೂ ಮುಂದ ಬರ್ತೀನಿ ಅಂತಾರೇನೋ? ಸುಮ್ನ ಎದ್ದು ಬರಬೇಕು. ಇಂವಾ ಬರೂದು ತಡಾ ಆಗೇತಿ, ಆಕಿನ ಬಂದಾಳ."

ಇಡೀ ಪುಸ್ತಕ ಬರದ ಸಾಹೇಬಗ ಹೊಳಿಲಾರದ್ದು ಇವರಿಗೆ ಅರ್ಧಾ ಕಪ್ ಚಹಾದಾಗ ಹೊಳೀತು.

"ಖರೇ ಹೇಳ್ರಿ ಕಾಕೂ, ಒಂಚೂರೂ ಅಂಜಿಕಿ ಬರಲಿಲ್ಲ?"

"ಅಂಜೂದ್ಯಾಕ? ಎಲ್ಲಿಯೋ ಸಾಹೇಬಾ, ಎಲ್ಲಿಯೋ ಹೆಣಾ."

ನಾ ಸೋತೆ ಅನ್ಕೊಂಡೆ. ಕಾಕೂ ಎದ್ರು, ಸೆರಗು ಸರಿ ಮಾಡಿಕೊಂಡ್ರು, ಹೊಸ್ತಿಲ ತನಕ ಹ್ವಾದ್ರು. 'ಬರ್ತೀನ್ರಿ' ಇಲ್ಲ, 'ಯೇತೆ' ಇಲ್ಲ.

"ನಾಳಿ ಬರ್ತೀರಿಲ್ರಿ?" ಅಂದ್ಲು ಆಯಿ.

ಕಾಕೂ ಬಾಯಿ ಮ್ಯಾಲೆ ಬೆರಳಿಟ್ಟು, 'ಇಂವಾ ಹೆಣದ ಕತಿ ಹೇಳ್ಯಾನಲ್ಲ' ಅನ್ನೂವಂಗ ಗದ್ದದಲೇ ನನ್ನ ತೋರ್ಸಿದ್ರು. ಚಪ್ಪಲ್ ಕೈಯಾಗ ಹಿಡಕೊಂಡು ಹೊರಗ ಹೋಗಿ, ಸಪ್ಪಳಾಗದಂಗ ಬಾಗಲಾ ಹಾಕಿಕೊಂಡ್ರು.