ಬೀಗರನ್ನು ದಂಡಿನಿಂದ ಹೊರಹಾಕಿದ ಪ್ರಸಂಗ

ಐವತ್ತು ಮಂದಿಯನ್ನು ಒಗ್ಗಟ್ಟಿನಿಂದ ನಡೆಸುವುದು ನನಗೆ ಎಷ್ಟರ ಕೆಲಸ? ನಾನು ಚಿಕ್ಕೋಡಿಯಲ್ಲಿ ಕಾಲೇಜು ಕಲಿತು ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದವಳು. ಅದಕ್ಕಿಂತ ಮುಖ್ಯವಾಗಿ, ಏಕಸಂಬಿಯ ಹನ್ನೊಂದು ಮಂದಿಯ ಮನೆಗೆ ಹಿರಿಯ ಸೊಸೆ. ಹೀಗಾಗಿ ಮೊಬೈಲಿನ ಕೋಟೆ ಆಟದಲ್ಲಿ ನನ್ನನ್ನು ದಂಡಿನ ನಾಯಕಿ ಮಾಡಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡ ಯಾಕಾಯಿತು ಎಂದಷ್ಟೇ ಅನಿಸಿತು!

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಒಬ್ಬರೇ ಆಡಿದರೆ ಬೆಲೆಯಿಲ್ಲ. ಐವತ್ತು ಮಂದಿ ಸೇರಿ ಒಂದು ದಂಡು ಕಟ್ಟಬೇಕು, ತಮ್ಮ ಕೋಟೆ ಕಾಯಬೇಕು, ಬೇರೆ ದಂಡಿನ ಕೋಟೆಗೆ ಲಗ್ಗೆ ಹಾಕಬೇಕು. ಐವತ್ತರ ಮೇಲೆ ಒಬ್ಬರಿಗೂ ಜಾಗವಿಲ್ಲ. ನಮ್ಮದು ‘ದೂಧಗಂಗಾ ದಂಡು’. ನಾನು ನಾಯಕಿಯಾದಾಗ ಅದರಲ್ಲಿ ಇದ್ದವರು ಏಳು ಮಂದಿ, ಅವರಲ್ಲಿ ಇಬ್ಬರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಬೇರೆ ನಾಯಕರು ಆಟದೊಳಗೇ ಜಾಹೀರಾತು ಹಾಕಿ ಮಂದಿ ಕೂಡಿಸುತ್ತಾರೆ. ನಾನು ನಮ್ಮ ಪದ್ಧತಿಯಂತೆ ಕೂಡಿಸಿದೆ. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದೆ. ಕುಂಕುಮ ಹಚ್ಚಿದೆ, ಎಳ್ಳು-ಬೆಲ್ಲ ಕೊಟ್ಟೆ, ಆಮೇಲೆ “ಎಲ್ಲಿ, ನಿಮ್ಮ ಮೊಬೈಲ ಕೊಡ್ರಿ ಇಲ್ಲೆ” ಎಂದು ಕೈ ಚಾಚಿದೆ. ಪ್ರತಿವರ್ಷ ಸ್ಟೀಲ್ ಬಟ್ಟಲು ಸಿಗುತ್ತಿದ್ದ ಜಾಗದಲ್ಲಿ ಈ ವರ್ಷ ಅವರಿಗೆ ಒಂದು ಕೋಟೆ ಸಿಕ್ಕಿತು! ಅವರ ಗಂಡಂದಿರು ಬಂದರು, ಮೈದುನರು ಬಂದರು. ಒಂದೇ ವಾರದಲ್ಲಿ ದಂಡು ಭರ್ತಿ. ಹಿರಿಯರ ಮಾನ ಕಾಯಬೇಕಲ್ಲ, ಅದಕ್ಕೆ ನಮ್ಮ ಅತ್ತೆಯವರನ್ನು ಮೊದಲ ದಿನವೇ ಉಪನಾಯಕಿ ಮಾಡಿದ್ದೆ. ಹೊಸಬರನ್ನು ಸೇರಿಸಿಕೊಳ್ಳುವುದು ಅವರ ಕೈಯಲ್ಲೂ ಇತ್ತು.

ಮೊದಲ ಕಾಳಗ ನಿಪ್ಪಾಣಿಯ ದಂಡಿನೊಂದಿಗೆ, ಸಂಜೆ ಐದಕ್ಕೆ. ನಾನು ವ್ಯೂಹ ರಚಿಸಿದ್ದೆ. ಬಲಗಡೆಯ ಹನ್ನೆರಡು ಮಂದಿ ಎಮ್ಮೆ ಹಿಂಡಲು ಹೋಗಿದ್ದರು. ಎಡಗಡೆಯವರು ಮಾತಿಗೆ ಕೂತಿದ್ದರು. ಆದರೂ ಕೋಟೆ ಗಟ್ಟಿ ಇತ್ತು. ನಾಲ್ಕನೆಯ ನಿಮಿಷಕ್ಕೆ ಅದರ ಹೆಬ್ಬಾಗಿಲು ತಾನಾಗಿ ತೆರೆಯಿತು!

“ಅತ್ತ್ಯಾರ, ಬಾಗಲಾ ಯಾರ ತಗದ್ರಿ?”

“ನಾನ ತಗದೆ. ಅಷ್ಟ ಮಂದಿ ಬಂದು ಹೊರಗ ನಿಂತಾರ. ಬಂದವರನ್ನ ಬಾಗಲದಾಗ ನಿಂದರಸ್ತಾರೇನ ಬೇ?”

ನಿಪ್ಪಾಣಿಯವರು ಒಳಗೆ ಬಂದು, ನಮ್ಮ ಉಗ್ರಾಣ ಬಳಿದುಕೊಂಡು, “ಥ್ಯಾಂಕ್ಸ್ ಅಜ್ಜಿ” ಎಂದು ಬರೆದು ಹೋದರು.

ಅಂದು ನನ್ನೊಳಗಿನ ರಾಜ್ಯಶಾಸ್ತ್ರ ಎಚ್ಚೆತ್ತಿತು. ಶಿಸ್ತು ಬೇಕು! ನಿಯಮ ಬೇಕು! ದಂಡಿನ ಫಲಕದ ಮೇಲೆ ಹೀಗೆ ಬರೆದೆ: ‘ಏಳು ದಿನ ಆಡದ ಸದಸ್ಯರಿಗೆ ಈ ದಂಡಿನಲ್ಲಿ ಜಾಗವಿಲ್ಲ. ಯಾರ ವಶೀಲಿಯೂ ನಡೆಯುವುದಿಲ್ಲ.’ ಹೇಳಿದಂತೆ ಏಳು ದಿನ ಕಳೆದ ಮೇಲೆ ಪಟ್ಟಿ ತೆಗೆದು ಹನ್ನೊಂದು ಮಂದಿಯನ್ನು ಹೊರಹಾಕಿದೆ. ಹೊರಹಾಕುವಾಗ ಆಟ ಕಾರಣ ಕೇಳುತ್ತದೆ, ಆ ಕಾರಣ ಇಡೀ ದಂಡಿಗೆ ಕಾಣುತ್ತದೆ. ಹತ್ತು ಮಂದಿಗೆ ‘ಗೈರುಹಾಜರಿ’ ಎಂದು ಬರೆದೆ. ಹನ್ನೊಂದನೆಯವನ ಹೆಸರು ‘ಮುಗಳಖೋಡ ವಾಘ’. ಹೆಸರಿಗೆ ಹುಲಿ, ಒಂದು ದಿನವೂ ಗುಹೆಯಿಂದ ಹೊರಬಂದಿರಲಿಲ್ಲ. ಅವನಿಗೆ ಸ್ವಲ್ಪ ವಿಶೇಷವಾಗಿ ಬರೆದೆ: ‘ಯಾವ ಕೆಲಸಕ್ಕೂ ಬಾರದ ಮನುಷ್ಯ. ಜಾಗಾ ಖಾಲಿ ಮಾಡಿರಿ.’

ಖಾಲಿಯಾದ ಹನ್ನೊಂದು ಜಾಗಕ್ಕೆ ರಾಯಬಾಗ, ಅಥಣಿ ಕಡೆಯ ಚುರುಕು ಆಟಗಾರರನ್ನು ತುಂಬಿದೆ. ಆ ದಿನ ಊಟ ಬಹಳ ರುಚಿಸಿತು.

ಮರುದಿನ ಬೆಳಿಗ್ಗೆ ನನ್ನ ನಾದಿನಿ ಸುಜಾತಾ ಅಡುಗೆಮನೆಗೆ ಅಳುತ್ತ ಬಂದಳು. ಬರುವ ರವಿವಾರ ಅವಳ ಸಾಕರಪುಡಾ. ಸಾಕರಪುಡಾ ಎಂದರೆ ಮದುವೆ ಗಟ್ಟಿ ಮಾಡಿ, ಸಕ್ಕರೆ ಪೊಟ್ಟಣ ಕೊಟ್ಟು, ಉಂಗುರ ತೊಡಿಸುವ ಕಾರ್ಯ. ವರ ಮುಗಳಖೋಡದವನು.

“ವೈನಿ, ಮಾವ್ನೋರನ್ನ ಹೊರಗ ಹಾಕೀರಂತಲ್ರಿ! ಅವರು ರವಿವಾರ ಬರಂಗಿಲ್ಲಂತ. ‘ಕೆಲಸಕ್ಕ ಬಾರದವರು ನಿಮ್ಮ ಮನಿಗೆ ಬಂದ ಏನ್ ಮಾಡೂದೈತಿ’ ಅಂದ್ರಂತ!”

ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತುಹೋಯಿತು. ಮುಗಳಖೋಡ. ವಾಘ. ವರನ ತಂದೆ, ನಮ್ಮ ಬೀಗರು!

“ಅವರು ನಮ್ಮ ದಂಡಿನ್ಯಾಗ ಹೆಂಗ ಬಂದ್ರು?”

ಅತ್ತೆಯವರು ಕೊತ್ತಂಬರಿ ಸೋಸುತ್ತ ಶಾಂತವಾಗಿ ಹೇಳಿದರು: “ಅವರ ಮಗನ ಈ ಆಟ ಹಾಕಿ ಕೊಟ್ಟಾನಂತ ಅವರಿಗೆ. ಬೀಗರು ಬಾಗಲಕ್ಕ ಬಂದಾರಂತ ನನ್ನ ಮೊಬೈಲದಾಗ ತೋರಿಸ್ತು. ಒಳಗ ಬರ್ರಿ ಅಂತ ಒತ್ತಿದೆ. ಆಮ್ಯಾಲ ಅವರು ಹೊಲದ ಅರಿಷಿಣ ಸುಗ್ಗಿ, ಅದನ್ನ ಕುದಸೂ ಗದ್ದಲದಾಗ ಇದ್ರು, ಎಲ್ಲೆ ಆಡ್ತಾರ?”

ನಮ್ಮ ಯಜಮಾನರು ಹಿತ್ತಲಿನಿಂದ ಓಡಿ ಬಂದರು. ಸುದ್ದಿ ಕೇಳಿ ಹಾಗೇ ಕೆಳಗೆ ಕೂತರು.

“ಏಳ ತಿಂಗಳ ಓಡ್ಯಾಡಿ ಈ ಸಂಬಂಧ ಕೂಡಸೀನಿ ನಾ. ನೀ ಒಂದ ಬೊಟ್ಟ ಒತ್ತಿ ಮುರದಿ!”

“ನಿಯಮ ಇತ್ರಿ...”

“ನಿಯಮ ತಗೊಂಡ ನನ್ನ ತಂಗೀಗಿ ತಾಳಿ ಕಟ್ಟಸ್ತಿಯೇನ?”

ಸುಜಾತಾ ಬಾಗಿಲ ಸಂದಿಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹುಡುಗ ಅವಳಿಗೆ ಮನಸಾರೆ ಒಪ್ಪಿಗೆಯಾಗಿದ್ದ. ನನ್ನ ಒಂದು ವಿಶೇಷ ವಾಕ್ಯಕ್ಕೆ ಅವಳ ಸಂಸಾರ ಕೊಚ್ಚಿಹೋಗುವುದಿತ್ತು.

ಅರ್ಧ ಗಂಟೆಯಲ್ಲಿ ಜೀಪು ಹೊರಟಿತು. ಸಿಟ್ಟಾದ ಬೀಗರನ್ನು ಸಮಾಧಾನ ಮಾಡಲು ನಮ್ಮ ಕಡೆ ಬೇಕಾದದ್ದೆಲ್ಲ ಚೀಲದಲ್ಲಿತ್ತು: ಟೋಪಿ, ಟಾವೆಲ್, ತೆಂಗಿನಕಾಯಿ, ಎಲೆ-ಅಡಿಕೆ. ನಾನು ಹಿಂದಿನ ಸೀಟಿನಲ್ಲಿ ಅತ್ತೆಯವರ ಪಕ್ಕ ಕೂತು ದಾರಿಯುದ್ದಕ್ಕೂ ಬೀಗರಿಗೆ ಆಟದಲ್ಲಿ ಮರಳಿ ಸೇರುವ ಕರೆ ಕಳಿಸುತ್ತಿದ್ದೆ. ಪ್ರತಿಸಲ ಒಂದೇ ಉತ್ತರ ಬಂತು: ‘ನಿಮ್ಮ ದಂಡು ಭರ್ತಿಯಾಗಿದೆ.’ ಭರ್ತಿ ಮಾಡಿದ ಜಾಣೆ ಯಾರು? ನಾನೇ!

ಮುಗಳಖೋಡದ ಅವರ ಪಡಸಾಲೆಯಲ್ಲಿ ಊರಿನ ನಾಲ್ಕೈದು ಹಿರಿಯರು ಆಗಲೇ ಕೂತಿದ್ದರು. ಬೀಗರಾದ ಬಾಪುಸಾಹೇಬರು ಕಂಬಕ್ಕೆ ಒರಗಿದ್ದರು. ಆರು ಅಡಿ ಎತ್ತರ, ಕೈಯೆಲ್ಲ ಅರಿಶಿಣ. ಯಜಮಾನರು ಟೋಪಿ-ಟಾವೆಲ್ ಮುಂದಿಟ್ಟರು. ಅವರು ಮುಟ್ಟಲಿಲ್ಲ.

“ನನಗ ಟೋಪಿ ಬ್ಯಾಡ್ರಿ. ಟೋಪಿ ಮನ್ಯಾಗ ಬೇಕಾದಷ್ಟ ಅದಾವು. ಯವ್ವಾ, ನೀ ಕಲತಾಕಿ. ನೀನ ಹೇಳು. ನಾ ಪಂಕ್ತಿಗಿ ಕುಂತಿದ್ದೆ, ಊಟ ಇನ್ನಾ ಚಾಲೂ ಮಾಡಿದ್ದಿಲ್ಲ. ಐವತ್ತ ಮಂದಿ ಮುಂದ ‘ನೀ ಏಳ’ ಅಂದಿ. ಹಿಂಗ ಯಾರರೆ ಎಬ್ಬಸ್ತಾರೇನ?”

ನಾನು ಕೈಮುಗಿದು, “ತಪ್ಪಾತ್ರಿ ಮಾವ್ನೋರ” ಎಂದೆ.

“ಹಂಗಿದ್ರ ಈಗ ಇಲ್ಲೆ, ಹಿರ್ಯಾರ ಮುಂದ, ಎಲಿ-ಅಡಿಕಿ ಕೊಟ್ಟು ಒಳಗ ಕರಿ.”

“ಒಬ್ಬರನ್ನ ಹೊರಗ ಹಾಕಿದ್ರ ಜಾಗಾ ಆಗತೈತ್ರಿ,” ಎಂದು ಮೊಬೈಲ್ ತೆರೆದೆ. ಅಥಣಿಯ ಒಬ್ಬ ಹೊಸ ಆಟಗಾರನ ಹೆಸರಿನ ಮೇಲೆ ಬೆರಳಿಟ್ಟೆ.

“ಅಂವ ನನ್ನ ಸೋದರಳಿಯ,” ಎಂದರು ಬಾಪುಸಾಹೇಬರು.

ರಾಯಬಾಗದವನ ಮೇಲೆ ಬೆರಳಿಟ್ಟೆ. “ಅಂವ ನಮ್ಮ ಅಳ್ಯಾನ ತಮ್ಮ,” ಎಂದರು ಮೂಲೆಯ ಹಿರಿಯರು.

ನಮ್ಮ ಓಣಿಯ ಹೆಸರಿಗೆ ಬಂದೆ. ಈಗ ಅತ್ತೆಯವರ ಸರದಿ. “ಆಕಿ ನಿನಗ ಚೊಚ್ಚಲ ಬಾಣಂತನ ಮಾಡಿದಾಕಿ. ಇಂವ ನಿಮ್ಮ ಮಾವಗ ಹೆಗಲ ಕೊಟ್ಟಾಂವ. ಆಕಿನ್ನ ತಗದೀ ಅಂದ್ರ ನಾ ಮನಿಗೆ ಬರಂಗಿಲ್ಲ ನೋಡು.”

ಯಜಮಾನರ ಹೆಸರು ಬಂತು. ಅವರು ಕೆಮ್ಮಿದರು.

ಹೀಗೆ ನಲವತ್ತೊಂಬತ್ತು ಹೆಸರು ದಾಟಿ ಬೆರಳು ಪಟ್ಟಿಯ ನೆತ್ತಿಗೆ ಬಂತು. ಅಲ್ಲಿ, ಕಿರೀಟದ ಗುರುತಿನ ಪಕ್ಕ, ನನ್ನ ಹೆಸರು. ಇಡೀ ಪಡಸಾಲೆಯಲ್ಲಿ ಒಬ್ಬರೂ “ಆಕಿ ನಮ್ಮಾಕಿ” ಎನ್ನಲಿಲ್ಲ!

ನಾಯಕಿ ದಂಡು ಬಿಡಬೇಕಾದರೆ ಮೊದಲು ಕಿರೀಟ ಇನ್ನೊಬ್ಬರಿಗೆ ಒಪ್ಪಿಸಬೇಕು. ಉಪನಾಯಕಿ ಪಕ್ಕದಲ್ಲೇ ಕೂತು ಕವಳ ಜಗಿಯುತ್ತಿದ್ದರು. ಒಪ್ಪಿಸಿದೆ. ‘ಹೊರಹೋಗು’ ಒತ್ತಿದೆ. ‘ನೀವು ಈಗ ಯಾವ ದಂಡಿಗೂ ಸೇರಿಲ್ಲ’ ಎಂದು ಆಟ ಕರುಣೆಯಿಲ್ಲದೆ ತಿಳಿಸಿತು.

ಅತ್ತೆಯವರು ಎಲೆ-ಅಡಿಕೆ ಕೊಟ್ಟು, “ಬರ್ರಿ ಬೀಗರ, ಒಳಗ ಬರ್ರಿ” ಎನ್ನುತ್ತ ಒತ್ತಿದರು. ಬಾಪುಸಾಹೇಬರ ಮೊಬೈಲಿನಲ್ಲಿ ತುತ್ತೂರಿ ಮೊಳಗಿತು. ಆ ಆರಡಿ ಮನುಷ್ಯ ಮಗುವಿನಂತೆ ನಕ್ಕರು. ಟೋಪಿ ತೆಗೆದು ತಲೆಗಿಟ್ಟುಕೊಂಡರು.

“ರವಿವಾರ ಎಷ್ಟಕ್ಕ ಬರೂದ್ರಿ?”

ಮರಳಿ ಬರುವಾಗ ಜೀಪಿನಲ್ಲಿ ಸುಮ್ಮನೆ ಕಣ್ಣೀರು ಬಂತು. ಯಜಮಾನರು ಹಿಂದೆ ತಿರುಗಿ, “ಈಗ್ಯಾಕ ಅಳ್ತಿ, ಎಲ್ಲಾ ಚೊಲೋ ಆತಲ್ಲ” ಎಂದರು. ಅದಕ್ಕೇ ಅಳು ಬಂದದ್ದು.

ಸಾಕರಪುಡಾ ಸಾಂಗವಾಗಿ ಮುಗಿಯಿತು. ದಂಡಿನ ವಿಷಯಕ್ಕೆ ಬಂದರೆ, ಮುಂದಿನ ಕಾಳಗದಲ್ಲಿ ಅತ್ತೆಯವರು ಬೀಗರನ್ನು ಹೆಬ್ಬಾಗಿಲಿನಲ್ಲಿ ಕೂರಿಸಿದರು. ನಿಪ್ಪಾಣಿಯವರಿಗೆ ದಾಟಲಾಗಲಿಲ್ಲ. ನನ್ನ ಆಳ್ವಿಕೆಯಲ್ಲಿ ಒಂದೂ ಗೆಲ್ಲದ ದಂಡು ಈಗ ಸಾಲಾಗಿ ಮೂರು ಗೆದ್ದಿದೆ!

ಈಚೆಗೆ ಎಮ್ಮೆಯ ಕೆಲಸ ಹೆಚ್ಚಾಯಿತೆಂದು ಓಣಿಯ ಒಬ್ಬಾಕೆ ದಂಡು ಬಿಟ್ಟಳು. ನಾನು ತಕ್ಷಣ ಅರ್ಜಿ ಹಾಕಿದೆ. ಎರಡು ದಿನವಾದರೂ ಉತ್ತರವಿಲ್ಲ. ಕೊನೆಗೆ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟೆ.

“ಅತ್ತ್ಯಾರ, ನಾ ಬಾಗಲದಾಗ ನಿಂತೀನ್ರಿ.”

ಅತ್ತೆಯವರು ಕನ್ನಡಕ ಏರಿಸಿ ಮೊಬೈಲ್ ನೋಡಿದರು. ನಿಪ್ಪಾಣಿಯ ವೈರಿಗಳಿಗೆ ಹೆಬ್ಬಾಗಿಲು ತೆರೆದುಕೊಟ್ಟ ಅದೇ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು.

“ಬಂದೈತಿ ಯವ್ವಾ ನಿನ್ನ ಅರ್ಜಿ. ಆದ್ರ ನೀ ಏಳ ದಿನದ ಮ್ಯಾಗ ಆಡೇ ಇಲ್ಲಂತ ತೋರಸ್ತೈತಿ. ಫಲಕದ ಮ್ಯಾಗ ನಿಯಮ ಐತಿ. ವಶೀಲಿ ನಡಿಯಂಗಿಲ್ಲಂತ.”

ಅಕ್ಷರ ನನ್ನದೇ. ನಾನು ಮುಂದಿನ ರೊಟ್ಟಿ ಬಡಿದೆ.